ತೊಟ್ಟಿಯೊಳಗಿನ ಸೊಪ್ಪು

ಕೋಲಾರದಲ್ಲಿ ನೀರಿನ ವಿಷಯಕ್ಕೆ ಯಾರೂ ತಮಾಷೆ ಮಾಡುವುದಿಲ್ಲ. ಸಾವಿರದೈನೂರು ಅಡಿ ಕೊರೆಸಿ ಬರೀ ಧೂಳು ಕಂಡವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಅಂಥ ಊರಿನಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ ತಂದು, ಐವತ್ತು ಲೀಟರ್ ನೀರು ತುಂಬಿ, ಕುಡಿಯುವುದಕ್ಕೂ ಅಲ್ಲ ಮೀಯುವುದಕ್ಕೂ ಅಲ್ಲ ಎಂದು ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಹೆಂಡತಿಗೆ ಸಿಟ್ಟು ಬಂದದ್ದು ನ್ಯಾಯವೇ.

ಮೀನು ನೆಪ ಅಷ್ಟೆ, ನನಗೆ ಹಿಡಿದದ್ದು ಗಿಡಗಳ ಹುಚ್ಚು. ಬೆಂಗಳೂರಿನ ಅಂಗಡಿಯವನೊಬ್ಬ ಜಾವಾ ಫರ್ನ್, ಅನುಬಿಯಾಸ್, ಉದ್ದ ರಿಬ್ಬನ್ನಿನಂಥ ವ್ಯಾಲಿಸ್ನೇರಿಯಾ ಎಲ್ಲವನ್ನೂ ಒದ್ದೆ ಪೇಪರಿನಲ್ಲಿ ಸುತ್ತಿಕೊಟ್ಟು, “ಲೈಟೊಂದು ಚೆನ್ನಾಗಿರ್ಲಿ ಸಾರ್” ಎಂದ. ಲೈಟಿನ ಡಬ್ಬದ ಮೇಲೆ 6500 ಕೆಲ್ವಿನ್ ಎಂದಿತ್ತು. ಅಂಕಿ ಇಷ್ಟು ದೊಡ್ಡದಿದ್ದ ಮೇಲೆ ಬೆಳಕೂ ಅಷ್ಟೇ ಜೋರಿರಬೇಕೆಂದು ಹಿಗ್ಗಿದೆ. ಕೆಲ್ವಿನ್ ಅನ್ನುವುದು ಬೆಳಕಿನ ಬಣ್ಣದ ಲೆಕ್ಕ, ಹಗಲಿನ ಬಿಳುಪಿಗೆ ಹತ್ತಿರ ಎಂದಷ್ಟೇ ಅದರ ಅರ್ಥ. ಇದು ಗೊತ್ತಾದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಹಾಲಿನವನು ಬಂದಾಗ ಹಾಕಿದ ಲೈಟು ನಾನು ಮಲಗುವಾಗಲೇ ಆರುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟು ಕೊಟ್ಟದ್ದು ನಮ್ಮ ಜಿಲ್ಲೆಯ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪಗಳು 1905ರವರೆಗೆ ಕಾದವು. ಇಂಥ ಜಿಲ್ಲೆಯವನು ಬೆಳಕಿನಲ್ಲಿ ಜಿಪುಣತನ ಮಾಡುವುದುಂಟೇ?

ನೀರಿನಲ್ಲೂ ಮಾಡಲಿಲ್ಲ. ಬೋರ್‌ವೆಲ್ ನೀರು ಪಾತ್ರೆಗೆಲ್ಲ ಬಿಳಿ ಪದರ ಕಟ್ಟುತ್ತದೆ, ಗಿಡಕ್ಕೆ ಆಗಲಿಕ್ಕಿಲ್ಲ ಎಂದು ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನಿನಲ್ಲಿ ಹಿಡಿದ ಫಿಲ್ಟರ್ ನೀರು ಸುರಿದೆ. “ನಾವು ಸ್ನಾನಕ್ಕೆ ಟ್ಯಾಂಕರ್ ನೀರು, ನಿಮ್ಮ ಗಿಡ ಮುಳುಗೋಕೆ ಫಿಲ್ಟರ್ ನೀರು” ಎಂದಳು ಹೆಂಡತಿ. ವ್ಯಾಲಿಸ್ನೇರಿಯಾ ಸೊರಗಿತು. ಅದಕ್ಕೆ ಗಡಸು ನೀರೇ ಇಷ್ಟ, ಅದರಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದಲೂ ಅದು ಇಂಗಾಲ ಎಳೆದುಕೊಳ್ಳುತ್ತದಂತೆ. ನಾವು ಬೈದುಕೊಂಡು ಉಜ್ಜುವ ಬಿಳಿಯ ಮೂಲವೇ ಅದಕ್ಕೆ ಊಟ.

ಜಾವಾ ಫರ್ನಿನ ಬುಡ ಶುಂಠಿಯ ತುಂಡಿನ ಹಾಗಿತ್ತು. ಶುಂಠಿಯನ್ನು ಏನು ಮಾಡುತ್ತೇವೆ? ಹೂಳುತ್ತೇವೆ. ಹೂಳಿದೆ. ಹತ್ತು ದಿನಕ್ಕೆ ಕೊಳೆತು, ತೊಟ್ಟಿ ಮೋರಿಯ ವಾಸನೆ ಹೊಡೆಯಿತು. ಆ ಜಾತಿಯ ಗಿಡದ ಗೆಡ್ಡೆ ಮರಳಿನ ಮೇಲೆಯೇ ಇರಬೇಕು, ಕಲ್ಲಿಗೋ ಕಟ್ಟಿಗೆಗೋ ಕಟ್ಟಿಬಿಟ್ಟರೆ ತಾನೇ ಬೇರಿಂದ ತಬ್ಬಿಕೊಳ್ಳುತ್ತದೆ. ಉಳಿದಿದ್ದ ಅನುಬಿಯಾಸನ್ನಾದರೂ ಬದುಕಿಸೋಣವೆಂದು ಕಲ್ಲು ಹಿಡಿದು ಒದ್ದಾಡುತ್ತಿದ್ದೆ. ಗಂಟು ಜಾರುತ್ತಿತ್ತು. ಹೆಂಡತಿ ಐದು ನಿಮಿಷ ನೋಡಿ, ತಡೆಯಲಾರದೆ, ಹೂ ಕಟ್ಟುವ ದಾರ ತಂದಳು. ಕನಕಾಂಬರಕ್ಕೆ ಹಾಕುವ ಅದೇ ಗಂಟು, ಎರಡು ಬೆರಳಿಗೆ ದಾರ ಸುತ್ತಿ ಒಂದೇ ಎಳೆತ. ಕಲ್ಲು, ಗಿಡ ಎರಡೂ ಕೂತವು. “ಇದಕ್ಕೆ ಬೆಂಗಳೂರಿಗೆ ಹೋಗಿ ಬಂದ್ರಾ?” ಎಂದಳು.

ಅಷ್ಟರಲ್ಲಿ ನನ್ನ ಧಾರಾಳದ ಬೆಳಕಿಗೆ ಫಲ ಬಂದಿತ್ತು: ಪಾಚಿ. ಗಾಜು ಹಾಳು ಕಲ್ಯಾಣಿಯ ಮೆಟ್ಟಿಲಿನಂತಾಯಿತು. ಎಲೆಗಳ ಮೇಲೆಲ್ಲ ಹಸಿರು ಎಳೆಗಳು ಜೋತುಬಿದ್ದವು. ಹಳೆಯ ಎ.ಟಿ.ಎಂ. ಕಾರ್ಡಿನಿಂದ ಕೆರೆದರೆ ಮೂರನೆಯ ದಿನ ಮತ್ತೆ ಹಾಜರು. ಅತ್ತೆ ಬಗ್ಗಿ ನೋಡಿ, “ಬಸ್ಸಾರಿಗೆ ಬರುತ್ತಾ ಇದು?” ಎಂದು ಕೇಳಿದರು. ಅವರು ಕೇಳಿದ್ದು ನಿಜವಾಗಿಯೇ.

ಮಾಲೂರಿನ ಕಡೆ ಬಾಮೈದನ ಸೇವಂತಿಗೆ ತೋಟವಿದೆ. ರಾತ್ರಿ ಆ ದಾರಿಯಲ್ಲಿ ಬಂದರೆ ತೋಟಗಳೆಲ್ಲ ಬಲ್ಬು ಹೊತ್ತಿಸಿಕೊಂಡು ಜಾತ್ರೆಯ ಬಯಲಿನಂತೆ ಕಾಣುತ್ತವೆ. ನನ್ನ ತೊಟ್ಟಿ ನೋಡಿ ಅವನು ಕೇಳಿದ್ದು ಒಂದೇ ಪ್ರಶ್ನೆ: “ಕತ್ತಲೆ ಎಷ್ಟು ಹೊತ್ತು ಕೊಡ್ತೀರಿ ಭಾವ?”

ನಾನು ಬೆಳಕಿನ ಲೆಕ್ಕ ಹೇಳಹೊರಟೆ.

“ಅಲ್ಲ, ಕತ್ತಲೆ. ನಮ್ಮ ಸೇವಂತಿಗೆ ಎಣಿಸೋದು ಕತ್ತಲೇನ. ಲೈಟ್ ಹಾಕಿ ರಾತ್ರಿ ಮುರಿದ್ರೆ ಗಿಡ ಎದ್ದು ಬೆಳೆಯುತ್ತೆ, ಮೊಗ್ಗು ಕಟ್ಟಲ್ಲ. ಹಬ್ಬದ ಲೆಕ್ಕ ನೋಡಿ ಲೈಟ್ ನಿಲ್ಲಿಸಿದ್ರೆ ಆಮೇಲೆ ಮೊಗ್ಗು. ನೀವು ಯಾವ ಹಬ್ಬಕ್ಕೆ ಹಾಕ್ತಾ ಇದ್ದೀರಿ?”

ನಾನು ಯಾವ ಹಬ್ಬಕ್ಕೂ ಹಾಕುತ್ತಿರಲಿಲ್ಲ. ಆದರೂ ಹೂವಿನವನಿಂದ ಪಾಠ ಕಲಿಯುವುದೇ ಎಂಬ ಬಿಗುಮಾನದಲ್ಲಿ ಒಂದು ವಾರ ತಳ್ಳಿದೆ. ಆಮೇಲೆ ಬೀದಿಯ ಟಿ.ಸಿ. ಸುಟ್ಟಿತು.

ಮೂರು ದಿನ ಕರೆಂಟಿಲ್ಲ. ಯು.ಪಿ.ಎಸ್. ಮೊದಲ ರಾತ್ರಿಯೇ ಕೈಯೆತ್ತಿತು. ಗಾಳಿ ಪಂಪು ನಿಂತು ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಕತ್ತಲಲ್ಲಿ ಗಿಡಗಳೂ ಆಮ್ಲಜನಕ ತಿನ್ನುತ್ತವಲ್ಲ. ನಾನು ಮೇಣದಬತ್ತಿ ಹಚ್ಚಿಕೊಂಡು, ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಮೊಗೆದು ಮೇಲಿಂದ ಸುರಿಯುತ್ತ ಕೂತೆ. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿ, ಇದ್ಯಾವ ಅಭಿಷೇಕವೋ ಎಂದು ಕೈ ಮುಗಿದರು.

ನಾಲ್ಕನೆಯ ದಿನ ಲೈಟು ಬಂದಾಗ ನೋಡಿದರೆ ಪಾಚಿ ಬಿಳಿಚಿ, ಎಳೆ ಎಳೆಯಾಗಿ ಕಳಚಿ ಬೀಳುತ್ತಿದೆ. ಗಿಡಗಳಿಗೆ ಏನೂ ಆಗಿಲ್ಲ. ಪಾಚಿ ಹಿಡಿದ ತೊಟ್ಟಿಯನ್ನು ಮೂರು ದಿನ ಕಂಬಳಿ ಹೊದಿಸಿ ಕತ್ತಲಲ್ಲಿಡುವುದು ತಿಳಿದವರು ಮಾಡುವ ಮದ್ದೇ ಅಂತೆ. ನನಗೆ ಅದು ಬಿಟ್ಟಿಯಾಗಿ ಸಿಕ್ಕಿತು.

ಈಗ ಟೈಮರ್ ಹಾಕಿದ್ದೇನೆ, ದಿನಕ್ಕೆ ಎಂಟೇ ಗಂಟೆ. ನೀರು ಅರ್ಧ ಬೋರ್‌ವೆಲ್, ಅರ್ಧ ಫಿಲ್ಟರ್. ವ್ಯಾಲಿಸ್ನೇರಿಯಾ ಬಳ್ಳಿ ಬಿಟ್ಟು ಬಿಟ್ಟು ಮೂಲೆಯೆಲ್ಲ ತುಂಬಿದೆ. ವಾರಕ್ಕೊಮ್ಮೆ ಕಿತ್ತು ಒಂದು ಕಟ್ಟಾಗುತ್ತದೆ. ಕಳೆದ ಸಲ ಬಂದ ಬಾಮೈದ ಆ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, ಅಂಗಡಿಯಲ್ಲಿ ಇದಕ್ಕೆಷ್ಟು ಎಂದು ಕೇಳಿದ. ನೂರೈವತ್ತು ಎಂದೆ. ಸುಮ್ಮನೆ ಕಾಫಿ ಕುಡಿದು ಹೋದ.

ರಾತ್ರಿ ಹನ್ನೊಂದಕ್ಕೆ ಫೋನು ಬಂತು. “ಭಾವ, ಕೃಷಿ ಹೊಂಡದಲ್ಲಿ ಬರುತ್ತಾ ಅದು? ಲೈಟಂತೂ ಹೇಗೂ ಎಳೆದಿದ್ದೀನಿ.”