ಮೇಘಕಡತಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ತನ್ನ ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಓದುವುದಕ್ಕೆ ಅಧಿಕಾರಿ ಯಾರು ಎಂಬ ನಾಲ್ಕು ಅನುಬಂಧಗಳನ್ನು ಆರಂಭದಲ್ಲಿಯೇ ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆ. ಅದನ್ನು ಮೀರುವ ಧಾರ್ಷ್ಟ್ಯ ನಮಗಿಲ್ಲ. ವಿಷಯವೆಂದರೆ, 2011ರ ಜೂನ್ ತಿಂಗಳಿನಲ್ಲಿ ಮೊದಲು ಮಾರಾಟಕ್ಕೆ ಬಂದು, ಈಗ ನಮ್ಮ ನಡುಮನೆಗಳನ್ನೂ ಪ್ರವೇಶಿಸಿರುವ ಕ್ರೋಮ್‌ಬುಕ್ ಎಂಬ ಮೇಘಾಶ್ರಿತ ಲ್ಯಾಪ್‌ಟಾಪಿನಲ್ಲಿ ಕಡತಗಳ ಉತ್ಪತ್ತಿ, ಸ್ಥಿತಿ, ತಿರೋಧಾನಗಳು. ಪ್ರಯೋಜನವೆಂದರೆ, ಬ್ಯಾಂಕಿನ ಗುಮಾಸ್ತರು ಕೇಳಿದ ಕಾಗದವು ಅವರು ಊಟಕ್ಕೆ ಏಳುವುದರೊಳಗಾಗಿ ದೊರೆಯುವುದು. ಸಂಬಂಧವೆಂದರೆ, ಇಟ್ಟವನಿಗೂ ಇಟ್ಟ ವಸ್ತುವಿಗೂ ನಡುವೆ ಉಂಟಾಗುವ ಚಿರವಿರಹ. ಇನ್ನು ಅಧಿಕಾರಿ: ಯಾವನು ಎರಡು ದಶಕಗಳ ಕಾಲ ಸಿ ಡ್ರೈವಿನಲ್ಲಿ ಯಂತ್ರದ ಸಾಮಗ್ರಿಯನ್ನೂ ಡಿ ಡ್ರೈವಿನಲ್ಲಿ ರಾಜಕುಮಾರರ ಹಾಡು, ಮಗಳ ಮದುವೆಯ ಛಾಯಾಚಿತ್ರ, ನಿವೇಶನದ ಕ್ರಯಪತ್ರಗಳನ್ನೂ ಇಟ್ಟು ನಿಶ್ಚಿಂತನಾಗಿದ್ದು, ಮಗನು ತಂದುಕೊಟ್ಟ ಹೊಸ ಯಂತ್ರವನ್ನು ತೆರೆದು, ಅದರಲ್ಲಿ ಸಿಯೂ ಇಲ್ಲ ಡಿಯೂ ಇಲ್ಲ ಎಂಬ ಶೂನ್ಯದರ್ಶನದಿಂದ ತಲ್ಲಣಗೊಂಡಿರುವನೋ ಅಂಥವನು. ಮಿಕ್ಕವರು ಓದಿದರೆ ಪ್ರತ್ಯವಾಯವೇನೂ ಇಲ್ಲ.

ಶೀರ್ಷಿಕೆಯಲ್ಲಿ ಅರಿಸಮಾಸದೋಷವಿದೆಯೆಂದು ಕೇಶಿರಾಜನ ಪಕ್ಷದವರು ಆಕ್ಷೇಪಿಸಬಹುದು. ಅದಕ್ಕೆ ಸಮರ್ಪಕವಾದ ಸಮಾಧಾನವನ್ನು ಬೇರೊಂದು ಕಡತದಲ್ಲಿ ಬರೆದಿಟ್ಟಿದೆ, ಸಿಕ್ಕೊಡನೆ ಪ್ರಕಟಿಸಲಾಗುವುದು.

ಈ ಯಂತ್ರದಲ್ಲಿ ಲೋಕಗಳು ಮೂರು. ಅವುಗಳಲ್ಲಿ ಭೂಲೋಕವು ಯಂತ್ರದ ಒಡಲೊಳಗಿನ ಸ್ವಲ್ಪ ಜಾಗ. ಮೊದಲ ಕ್ರೋಮ್‌ಬುಕ್ಕುಗಳಲ್ಲಿ ಅದು 16 ಜಿಬಿ ಮಾತ್ರವಿತ್ತೆಂಬುದರಿಂದಲೇ, ಮನುಷ್ಯನು ಇಲ್ಲಿ ಬಹುಕಾಲ ನೆಲಸಲು ಬಂದವನಲ್ಲವೆಂಬ ತತ್ತ್ವವನ್ನು ನಿರ್ಮಾತೃಗಳು ಒಪ್ಪಿದ್ದರೆಂದು ಊಹಿಸಬಹುದು. ಸ್ವರ್ಲೋಕವು ಗೂಗಲ್ ಡ್ರೈವ್. 2012ರ ಏಪ್ರಿಲ್ 24ರಂದು ಇದರ ದ್ವಾರವು ತೆರೆದಾಗ ಪ್ರತಿಯೊಬ್ಬ ಜೀವನಿಗೂ ಉಚಿತವಾಗಿ ದೊರೆಯುತ್ತಿದ್ದುದು 5 ಜಿಬಿ, ಮರುವರ್ಷ ಅಂಚೆ, ಚಿತ್ರ, ಕಡತಗಳೆಲ್ಲವನ್ನೂ ಒಂದೇ ಲೆಕ್ಕಕ್ಕೆ ಸೇರಿಸಿ 15 ಜಿಬಿ. ಇವೆರಡರ ನಡುವಣ ಭುವರ್ಲೋಕವೇ ‘ಆಫ್‌ಲೈನ್’ ಎಂಬುದು: ಸ್ವರ್ಗಸ್ಥವಾದ ಕಡತವೊಂದರ ಛಾಯೆಯನ್ನು ಮುಂಚಿತವಾಗಿಯೇ ಗುರುತು ಹಾಕಿ ಭೂಮಿಗೆ ಇಳಿಸಿಕೊಂಡರೆ, ಜಾಲಸಂಪರ್ಕವು ತಪ್ಪಿದಾಗಲೂ ಅದರ ದರ್ಶನವಾಗುವುದು, ಗುರುತು ಹಾಕದಿದ್ದರೆ ಆಗುವ ಭರವಸೆಯಿಲ್ಲ. ಈ ಲೋಕದ ಅಸ್ತಿತ್ವವನ್ನು ಸಂಶಯಿಸುವ ಚಾರ್ವಾಕರು ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲಿನಲ್ಲಿ ಕುಳಿತು, ಸುಮಾರು 55 ಕಿಲೋಮೀಟರುಗಳ ಆ ಘಟ್ಟದ ದಾರಿಯ 57 ಸುರಂಗಗಳ ಪೈಕಿ ಯಾವುದಾದರೊಂದರೊಳಗೆ, ಮಂಗಳೂರಿನಲ್ಲಿ ಒಪ್ಪಿಸಬೇಕಾದ ಭಾಷಣವನ್ನು ಡ್ರೈವಿನಿಂದ ತೆರೆಯಲು ಯತ್ನಿಸಿ ನೋಡಬಹುದು. ಪ್ರತ್ಯಕ್ಷಕ್ಕಿಂತ ಮಿಗಿಲಾದ ಪ್ರಮಾಣವಿಲ್ಲ.

ಸ್ವರ್ಗವಾಸವು ಪುಣ್ಯವಿರುವವರೆಗೆ ಮಾತ್ರವೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. 15 ಜಿಬಿ ಮುಗಿದಂದು ಹೊಸ ಕಡತವು ಮೇಲೇರದು. ಅಷ್ಟೇ ಅಲ್ಲ, ಜಿಮೇಲಿಗೆ ಪತ್ರಗಳು ಬರುವುದೂ ನಿಲ್ಲುವುದು, ಮತ್ತು ಎರಡು ವರ್ಷಗಳ ಕಾಲ ಮಿತಿಮೀರಿದ ಸ್ಥಿತಿಯಲ್ಲಿಯೇ ಉಳಿದವರ ಸಂಪತ್ತನ್ನು ಅಳಿಸಿಬಿಡುವ ಅಧಿಕಾರವನ್ನು ಆ ಲೋಕದ ಒಡೆಯರು ನಿಯಮದಲ್ಲಿ ಬರೆದಿಟ್ಟುಕೊಂಡಿದ್ದಾರೆ. 2021ರ ಜೂನ್ 1ಕ್ಕೆ ಮುಂಚೆ ಸ್ವಲ್ಪ ಕುಗ್ಗಿಸಿ ಏರಿಸಿದ ಛಾಯಾಚಿತ್ರಗಳಿಗೆ ಸುಂಕವಿರಲಿಲ್ಲ. ಅಂದಿನಿಂದ ಅವಕ್ಕೂ ಉಂಟು. ಅಳಿಸಿದ ಕಡತಕ್ಕೆ ಯಮಲೋಕಸ್ಥಾನೀಯವಾದ ‘ಟ್ರ್ಯಾಶ್’ನಲ್ಲಿ 30 ದಿನಗಳ ವಾಸ, ಆಮೇಲೆ ಸಂಪೂರ್ಣ ಲಯ. ಈ ಮೂವತ್ತು ದಿನಗಳಲ್ಲಿಯೂ ಪ್ರೇತಾವಸ್ಥೆಯ ಕಡತವು 15 ಜಿಬಿಯ ಲೆಕ್ಕದೊಳಗೆಯೇ ಎಣಿಕೆಯಾಗುತ್ತದೆ. ಸತ್ತವರಿಂದಲೂ ಕಂದಾಯ ವಸೂಲು ಮಾಡುವ ಇಂಥ ರಾಜ್ಯಪದ್ಧತಿಯು ಕೌಟಿಲ್ಯನಿಗೂ ಹೊಳೆದಿರಲಿಲ್ಲ.

‘ಶೇರ್ಡ್ ವಿತ್ ಮಿ’ ಎಂಬುದು ಲೋಕವಲ್ಲ, ಫೋಲ್ಡರೂ ಅಲ್ಲ. ಪರಸ್ವತ್ತಿನ ದರ್ಶನಕ್ಕಾಗಿ ತೆರೆದಿಟ್ಟ ಕಿಟಕಿ. ಅಣ್ಣನ ಮಗನು ಕಳುಹಿಸಿದ ಉಪನಯನದ ಚಿತ್ರಗಳು ಅಲ್ಲಿ ಕಾಣುತ್ತಿರುವವರೆಗೆ ಅವುಗಳ ಭಾರವು ಅವನ ಲೆಕ್ಕಕ್ಕೆ. ಅವನು ಶಾಶ್ವತವಾಗಿ ಅಳಿಸಿದ ಮರುಕ್ಷಣ ಅವು ನಮಗೂ ಇಲ್ಲ. ನಮ್ಮದೆಂದು ಬೇಕಾದರೆ ಒಂದು ಪ್ರತಿಯನ್ನು ಮಾಡಿಕೊಳ್ಳತಕ್ಕದ್ದು, ಆಗ ಭಾರವೂ ನಮ್ಮದು. ಸ್ವಾಮ್ಯವಿದ್ದಲ್ಲಿ ತೆರಿಗೆ, ತೆರಿಗೆಯಿಲ್ಲದಲ್ಲಿ ಸ್ವಾಮ್ಯವಿಲ್ಲ.

ಮೇಘದ ಕೈಗೆ ಸಂದೇಶವನ್ನೊಪ್ಪಿಸಿದ ಕಾಳಿದಾಸನ ಯಕ್ಷನು ವಿರಹದಿಂದ ಬುದ್ಧಿ ಕದಡಿದವನಾಗಿದ್ದರೂ, ರಾಮಗಿರಿಯಿಂದ ಅಲಕೆಯವರೆಗಿನ ಮಾರ್ಗವನ್ನು ನದಿ, ಪರ್ವತ, ಪಟ್ಟಣಗಳ ಸಹಿತ ಕ್ರಮವಾಗಿ ಹೇಳಿಯೇ ಕಳುಹಿಸಿದನು. ತನ್ನ ಕಡತದ ಮಾರ್ಗವನ್ನು ಇಷ್ಟು ಪೂರ್ಣವಾಗಿ ಬಲ್ಲ ಬಳಕೆದಾರನು ಅನಂತರ ಹುಟ್ಟಿದಂತೆ ಕಾಣುವುದಿಲ್ಲ. ಇಂದಿನ ಗೃಹಗಳಲ್ಲಿ ನಡೆಯುವ ಸಂವಾದವು ಬೇರೆ ತೆರನಾದುದು. “ಮಾವಾ, ಆ ಪಹಣಿ ಎಲ್ಲಿ ಇಟ್ಟಿದ್ದೀರಿ?” ಎಂದು ಸೊಸೆ ಕೇಳುವಳು, “ಇಲ್ಲೇ ಎಲ್ಲೋ ಇದೆ ಕಣಮ್ಮ” ಎಂದು ಮಾವನು ನುಡಿಯುವನು. ಈ ಮಹಾವಾಕ್ಯದ ಮೊದಲ ಪದದಿಂದ ವಸ್ತುವಿನ ಸಾನ್ನಿಧ್ಯವು ಸಿದ್ಧವಾಗಿ ಎರಡನೆಯ ಪದದಿಂದ ಅದು ಬಾಧಿತವಾಗುವುದರಿಂದ, ವಸ್ತುವು ಸರ್ವವ್ಯಾಪಿಯೂ ಅಗೋಚರವೂ ಆದುದೆಂದು ತಿಳಿಯತಕ್ಕದ್ದು. ಸೊಸೆಯ ಮುಖಭಾವವು ಈ ಪ್ರಬಂಧದ ವ್ಯಾಪ್ತಿಗೆ ಹೊರತಾದುದು.

ಭೂಲೋಕದ ಏಕೈಕ ಗಣನೀಯ ಕ್ಷೇತ್ರವಾದ ‘ಡೌನ್‌ಲೋಡ್ಸ್’ ಎಂಬುದನ್ನು ಈಗ ವಿಚಾರಿಸೋಣ. ಜಾಲದಿಂದ ಇಳಿದ ಸಮಸ್ತವೂ ಮೊದಲು ಬಂದು ಕುಳಿತುಕೊಳ್ಳುವ ಸ್ಥಳವಿದು. ಬಂದ ನೆಂಟನು ಕಾಲು ತೊಳೆದುಕೊಂಡು ಒಳಗೆ ನಡೆಯುವ ಬದಲು ಜಗುಲಿಯಲ್ಲೇ ಹಾಸಿಗೆ ಬಿಡಿಸಿ ವರ್ಷಗಟ್ಟಲೆ ಮಲಗಿಬಿಟ್ಟರೆ ಮನೆಯ ಗತಿ ಏನಾದೀತೋ ಅದೇ ಇಲ್ಲಿ ಆಗಿರುವುದು. ಸಾಮಾನ್ಯ ಸಂಸಾರವೊಂದರ ಡೌನ್‌ಲೋಡ್ಸನ್ನು ತೆರೆದರೆ ಕಾಣುವ ಪಟ್ಟಿ ಹೀಗಿರುತ್ತದೆ: ‘ಆಧಾರ್’, ಅದರ ಕೆಳಗೆ ಆವರಣಚಿಹ್ನೆಗಳೊಳಗೆ 1, 2, 3 ಎಂದು ಯಂತ್ರವೇ ಅಂಕೆ ಹಾಕಿದ ಅದರ ವಂಶಾವಳಿ, ವಾಟ್ಸಾಪಿನಿಂದ ಇಳಿದು, ದಿನಾಂಕ ಮತ್ತು ಕ್ರಮಸಂಖ್ಯೆಗಳನ್ನಲ್ಲದೆ ಬೇರೆ ಯಾವ ಗೋತ್ರಪ್ರವರವನ್ನೂ ಹೇಳದ ಚಿತ್ರಗಳು, ‘ಲಗ್ನಪತ್ರಿಕೆ ಫೈನಲ್’, ‘ಲಗ್ನಪತ್ರಿಕೆ ಫೈನಲ್ ಫೈನಲ್’, ‘ಲಗ್ನಪತ್ರಿಕೆ ಫೈನಲ್ ಅತ್ತೆ ಹೇಳಿದ್ದು’. ಆಧಾರ್ ವಂಶದ ವೃದ್ಧಿಗೆ ಕಾರಣವು ಸುಲಭವಾಗಿ ತಿಳಿಯುವಂಥದು. ಕಡತವು ಸಿಕ್ಕದಿದ್ದಾಗ ಹುಡುಕುವುದಕ್ಕಿಂತ ಮತ್ತೊಮ್ಮೆ ಇಳಿಸಿಕೊಳ್ಳುವುದೇ ಲಘುವಾದ ಉಪಾಯವೆಂದು ಗೃಹಸ್ಥನು ಭಾವಿಸುತ್ತಾನೆ. ಇಳಿದ ಮೇಲೆ ಅದು ಗುಪ್ತಪದವನ್ನು ಕೇಳುತ್ತದೆ. ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರಗಳೂ ಹುಟ್ಟಿದ ವರ್ಷವೂ ಸೇರಿ ಗುಪ್ತಪದವೆಂಬುದನ್ನು ಕಳೆದ ಬಾರಿ ಬರೆದಿಟ್ಟುಕೊಂಡ ಚೀಟಿಯಾದರೋ ಅದೇ ಡೌನ್‌ಲೋಡ್ಸಿನಲ್ಲಿ ‘ಅನ್‌ಟೈಟಲ್ಡ್’ ಎಂಬ ಹೆಸರಿನಿಂದ ವಿರಾಜಿಸುತ್ತಿರುತ್ತದೆ. ಇವೆಲ್ಲದರ ಮೇಲೆ ಒಂದು ಎಚ್ಚರಿಕೆ: ‘ಪವರ್‌ವಾಶ್’ ಎಂಬ ಪ್ರಳಯವನ್ನು ಯಾರಾದರೂ ಒತ್ತಿದರೆ ಭೂಲೋಕದಲ್ಲಿದ್ದುದೆಲ್ಲವೂ ನಾಶವಾಗುವುದು, ಅತಿಥಿಯಾಗಿ ಯಂತ್ರವನ್ನು ಹೊಕ್ಕವನ ಕಡತಗಳಂತೂ ಅವನು ಹೊರಬಿದ್ದಾಗಲೇ ಹೋಗುವುವು.

ಇಂಥ ಸಂಕರಸ್ಥಿತಿಯ ನಿವಾರಣೆಗೆ ಎರಡು ಮತಗಳು ಪ್ರವೃತ್ತವಾಗಿವೆ. ಮೊದಲನೆಯದು ವೃಕ್ಷವಾದ. 1965ರಲ್ಲಿ ಡೇಲಿ, ನ್ಯೂಮನ್ ಎಂಬಿಬ್ಬರು ಮಲ್ಟಿಕ್ಸ್ ಎಂಬ ಯಂತ್ರವ್ಯವಸ್ಥೆಗಾಗಿ ಬರೆದ ಪ್ರಬಂಧದಲ್ಲಿ, ಕೋಶದೊಳಗೆ ಉಪಕೋಶ, ಅದರೊಳಗೆ ಮತ್ತೊಂದು ಎಂದು ಕವಲೊಡೆಯುವ ವೃಕ್ಷವನ್ನು ಪ್ರತಿಪಾದಿಸಿದರು. ಆ ವೃಕ್ಷದ ಬೇರು ಮೇಲೆ, ಕೊಂಬೆಗಳು ಕೆಳಗೆ ಎಂಬುದನ್ನು ಕಂಡಾಗ, ಗೀತೆಯ ಅಶ್ವತ್ಥವನ್ನು ಬಲ್ಲ ನಮ್ಮವರಿಗೆ ಆಶ್ಚರ್ಯವಾಗಬೇಕಾಗಿಲ್ಲ. ವೃಕ್ಷವಾದಿಯು ‘ಮನೆ’ ಎಂಬ ಫೋಲ್ಡರಿನೊಳಗೆ ‘ಕಾಗದಪತ್ರ’, ಅದರೊಳಗೆ ‘ಕಂದಾಯ’, ಅದರೊಳಗೆ ‘ಹಳೆಯದು’, ಅದರೊಳಗೆ ‘ಇತರೆ’ ಎಂದು ಮಾಡಿಕೊಂಡು ಕಟ್ಟಕಡೆಗೆ ಸಕಲವನ್ನೂ ‘ಇತರೆ’ಯಲ್ಲಿಯೇ ಹಾಕುತ್ತಾನೆ. ಎರಡನೆಯದು ಅನ್ವೇಷಣವಾದ. 2004ರ ಏಪ್ರಿಲ್ 1ರಂದು ಜಿಮೇಲ್ ಅವತರಿಸಿದಾಗಿನಿಂದ ಪ್ರಬಲವಾದ ಈ ಮತದವರು, ವಿಂಗಡಿಸುವ ಶ್ರಮವೇ ವ್ಯರ್ಥ, ಬೇಕೆನಿಸಿದಾಗ ಹುಡುಕಿದರಾಯಿತು ಎಂದು ಬೋಧಿಸುತ್ತಾರೆ. ಕ್ರೋಮ್‌ಬುಕ್ಕುಗಳಲ್ಲಿ ಬಹುಪಾಲಿನ ಕೀಲಿಮಣೆಯಲ್ಲಿ ಕ್ಯಾಪ್ಸ್ ಲಾಕ್ ಇರಬೇಕಾದ ಸಿಂಹಾಸನದ ಮೇಲೆ ಹುಡುಕುವ ಕೀಲಿಯನ್ನೇ ಪಟ್ಟಾಭಿಷಿಕ್ತವಾಗಿ ಕೂರಿಸಿರುವುದು ಈ ಮತದ ವಿಜಯಸ್ತಂಭ.

ಅನ್ವೇಷಣವಾದಿಗಳ ಬೆಂಬಲಕ್ಕೆ ಡ್ರೈವಿನ ಅಂತರಂಗವೇ ಅದ್ವೈತಮಯವಾಗಿರುವುದು ನಿಜ. ಅಲ್ಲಿ ಒಂದೇ ಫೋಲ್ಡರಿನೊಳಗೆ ‘ಆಧಾರ್’ ಎಂಬ ಒಂದೇ ಹೆಸರಿನ ಎರಡು ಕಡತಗಳು ನಿರ್ವೈರದಿಂದ ವಾಸಿಸಬಲ್ಲವು. ಏಕೆಂದರೆ ಡ್ರೈವಿನ ದೃಷ್ಟಿಯಲ್ಲಿ ನಾಮರೂಪಗಳು ವ್ಯಾವಹಾರಿಕ ಮಾತ್ರ, ಅಕ್ಷರ ಅಂಕೆಗಳು ಬೆರೆತ ಉದ್ದನೆಯ ಗುರುತೊಂದೇ ಪಾರಮಾರ್ಥಿಕ. ಹೆಸರನ್ನು ಬದಲಿಸಿದರೂ, ಫೋಲ್ಡರಿನಿಂದ ಫೋಲ್ಡರಿಗೆ ಸಾಗಿಸಿದರೂ, ಮೊದಲು ಕಳುಹಿಸಿದ ಕೊಂಡಿಯು ಕೆಡುವುದಿಲ್ಲ. ಹಿಂದೆ ಒಂದು ಕಡತಕ್ಕೆ ಅನೇಕ ಫೋಲ್ಡರುಗಳು ಏಕಕಾಲದಲ್ಲಿ ಪಿತೃಸ್ಥಾನದಲ್ಲಿರಬಹುದಾಗಿತ್ತು. ಧರ್ಮಶಾಸ್ತ್ರಕ್ಕೆ ಸಮ್ಮತವಲ್ಲದ ಆ ಬಹುಪಿತೃತ್ವವನ್ನು 2020ರ ಸೆಪ್ಟೆಂಬರ್ ಅಂತ್ಯಕ್ಕೆ ನಿಷೇಧಿಸಿ, ಮಿಕ್ಕ ಫೋಲ್ಡರುಗಳಿಗೆ ‘ಶಾರ್ಟ್‌ಕಟ್’ ಎಂಬ ದತ್ತಕಸಂತಾನವನ್ನು ಮಾತ್ರ ಉಳಿಸಿದರು.

ಇಷ್ಟಾದರೂ ಅನ್ವೇಷಣವಾದವು ನಿಲ್ಲುವುದಿಲ್ಲ. ಹುಡುಕುವ ಯಂತ್ರವು ಇರುವ ಹೆಸರನ್ನೂ ಓದಬಲ್ಲ ಒಡಲನ್ನೂ ಹುಡುಕೀತೇ ಹೊರತು, ಒಡೆಯನ ಮನಸ್ಸಿನಲ್ಲಿರುವ ‘ಅದೇ ಆವತ್ತು ಕಳಿಸಿದರಲ್ಲ, ಅದು’ ಎಂಬುದನ್ನು ಹುಡುಕಲಾರದು. ಇದಕ್ಕಿಂತ ಗುರುತರವಾದ ದೋಷವು ಕನ್ನಡಿಗರಿಗೇ ವಿಶಿಷ್ಟವಾದುದು. ನಮ್ಮ ಹಿರಿಯರು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ವರ್ಷಗಟ್ಟಲೆ ಬೆರಳಚ್ಚಿಸಿಟ್ಟ ಲೇಖನ, ವಂಶವೃಕ್ಷ, ಸಂಘದ ನಡಾವಳಿಗಳನ್ನು ಆ ಅಕ್ಷರವಿನ್ಯಾಸವಿಲ್ಲದ ಮೇಘಲ್ಯಾಪ್‌ಟಾಪಿನಲ್ಲಿ ತೆರೆದರೆ, ರೋಮನ್ ಲಿಪಿಯ ಅಕ್ಷರಗಳು ಕೊಂಬು ಬಾಲಗಳೊಡನೆ ಚೆಲ್ಲಾಡಿದಂತೆ ಕಾಣುತ್ತದೆಯಲ್ಲದೆ ಒಂದು ಕನ್ನಡ ಪದವೂ ಇಲ್ಲ. ಒಳಗಿರುವುದು ಯಂತ್ರಕ್ಕೆ ಕನ್ನಡವೇ ಅಲ್ಲವಾದುದರಿಂದ, ‘ಅಜ್ಜ’ ಎಂದು ಹುಡುಕಿದರೆ ಅಜ್ಜನು ದೊರೆಯನು.

ಹಾಗಾದರೆ ಸಿದ್ಧಾಂತವೇನು? ಫೋಲ್ಡರಿಗಿಂತಲೂ ಹುಡುಕಾಟಕ್ಕಿಂತಲೂ ಮೊದಲು ನಾಮಕರಣ. ಕಡತವು ಇಳಿದ ಗಳಿಗೆಯಲ್ಲಿಯೇ, ಅದು ಏನೆಂಬುದು ಇನ್ನೂ ಮನಸ್ಸಿನಲ್ಲಿರುವಾಗಲೇ, ಹೆಸರಿಡತಕ್ಕದ್ದು. ಇಡುವ ಕ್ರಮಕ್ಕೆ ಆಚಾರ್ಯರನ್ನು ದೂರ ಅರಸಬೇಕಾಗಿಲ್ಲ. 1933ರಲ್ಲಿ ದ್ವಿಬಿಂದು ವರ್ಗೀಕರಣವನ್ನು ಪ್ರಕಟಿಸಿ, 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಹಾಗೂ ತರಬೇತಿಯ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇದೇ ಊರಿನಲ್ಲಿ ದೇಹತ್ಯಾಗ ಮಾಡಿದ ಎಸ್. ಆರ್. ರಂಗನಾಥನ್ ಅವರು, ಯಾವ ವಿಷಯವನ್ನೇ ಆಗಲಿ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಿಂದ ನೋಡಬಹುದೆಂದು ತೋರಿಸಿದ್ದಾರೆ. ಗ್ರಂಥಾಲಯಗಳಿಗಾಗಿ ಮಾಡಿದ ಆ ಮಹಾಪ್ರಯತ್ನವನ್ನು ಮನೆಕಂದಾಯದ ರಸೀದಿಗೆ ಅನ್ವಯಿಸುವುದು ಅಪಚಾರವಾದರೂ ಅನ್ವಯಿಸೋಣ: ಮನೆ, ರಸೀದಿ, ಪಾವತಿ, ಮೈಸೂರು, 2024-04-15. ಇದರಲ್ಲಿ ಕಾಲವನ್ನು ಮುಂದಕ್ಕೆ ತಂದು ವರ್ಷ, ತಿಂಗಳು, ದಿನವೆಂಬ ಕ್ರಮದಲ್ಲಿಯೇ ಬರೆದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುವುವು. ನಮ್ಮ ರೂಢಿಯಂತೆ ದಿನವನ್ನು ಮೊದಲಿಟ್ಟರೆ ಎಲ್ಲ ತಿಂಗಳುಗಳ ಒಂದನೆಯ ತಾರೀಖುಗಳೂ ಒಟ್ಟಿಗೆ ಗುಂಪುಗೂಡಿ, ಜನವರಿಯ ಮುಂಗಡಕ್ಕೂ ಡಿಸೆಂಬರಿನ ಬಾಕಿಗೂ ಅಕಾರಣ ಸಖ್ಯ ಬೆಳೆಯುವುದು. ‘ಫೈನಲ್’ ಎಂಬ ವಿಶೇಷಣವನ್ನು ಮಾತ್ರ ಯಾವ ಕಾರಣಕ್ಕೂ ಬಳಸತಕ್ಕದ್ದಲ್ಲ. ಅತ್ತೆಯವರು ಬದುಕಿರುವವರೆಗೆ ಅದಕ್ಕೆ ಅರ್ಥವಿಲ್ಲ.

ಹೆಸರಿಟ್ಟ ಮೇಲೆ ಫೋಲ್ಡರುಗಳು ಐದಾರಿದ್ದರೆ ಸಾಕು. ಅವುಗಳನ್ನು ಡ್ರೈವಿನಲ್ಲಿ ಇಡುವುದು, ಪ್ರಯಾಣಕ್ಕೆ ಬೇಕಾದುದಕ್ಕೆ ಆಫ್‌ಲೈನ್ ಗುರುತು ಹಾಕುವುದು, ಡೌನ್‌ಲೋಡ್ಸನ್ನು ವಾರಕ್ಕೊಮ್ಮೆ ಖಾಲಿ ಮಾಡುವುದು. ಇಷ್ಟನ್ನು ಮಾಡುವವನಿಗೆ ಈ ಶಾಸ್ತ್ರವು ಅನಾವಶ್ಯಕ.

ಓದುಗರಲ್ಲಿ ಒಂದು ವಿಜ್ಞಾಪನೆಯಿದೆ, ಇದು ಅಣಕವಲ್ಲ. ಮನೆಯ ಹಳೆಯ ಗಣಕಯಂತ್ರದಲ್ಲಿ ತಂದೆಯವರೋ ತಾತನವರೋ ನುಡಿ ಬರಹಗಳಲ್ಲಿ ಬೆರಳಚ್ಚಿಸಿದ ಕಡತಗಳಿದ್ದರೆ, ಆ ಯಂತ್ರವು ಇನ್ನೂ ಏಳುತ್ತಿರುವಾಗಲೇ ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಬರೆದವರ ಹೆಸರನ್ನೂ ವರ್ಷವನ್ನೂ ಕಡತದ ಹೆಸರಿನಲ್ಲಿ ಸೇರಿಸಿ ಇಡಿ. ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ.