ಕಾಂಗ್ರೆಸ್ ಕಸಕ್ಕೊಂದು ಮುಹೂರ್ತ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಮುಹೂರ್ತ ಕೇಳದೆ ಆಗುವ ಕೆಲಸಗಳು ಕಡಿಮೆ. ಬೋರು ಕೊರೆಸಲು ಒಳ್ಳೆಯ ದಿನ ಬೇಕು, ಹೊಸ ಮಗ್ಗ ಹೂಡಲು ಬೇಕು, ಟ್ರ್ಯಾಕ್ಟರಿನ ಗಾಲಿಯಡಿ ನಿಂಬೆಹಣ್ಣು ಒಡೆಯಲೂ ಬೇಕು. ಪಂಚಾಂಗದ ಗೊಡವೆಯಿಲ್ಲದೆ, ಮನಸ್ಸು ಬಂದಾಗ ಮಾಡಿ ಮುಗಿಸುವ ಕೆಲಸವೆಂದರೆ ಹಿತ್ತಲಲ್ಲೂ ಹೊಲದ ಬದುವಿನಲ್ಲೂ ಬೆಳೆದ ಕಾಂಗ್ರೆಸ್ ಕಸ ಕೀಳುವುದು. ಮನಸ್ಸಾದರೂ ಯಾವಾಗ ಬರುತ್ತದೆ? ಗಿಡ ಸೊಂಟದೆತ್ತರ ಬೆಳೆದು, ಮೈತುಂಬ ಬಿಳಿ ಹೂ ಬಿಟ್ಟು, ಮನೆಗೆ ಬಂದ ಬೀಗರು ‘ಏನ್ರೀ, ತ್ವಾಟ ಮಾಡೀರೇನು?’ ಎಂದು ಕೇಳಿದ ಮೇಲೆ. ನನ್ನ ವಾದವಿಷ್ಟೇ: ಈ ಸೀಮೆಯಲ್ಲಿ ಯಾವ ಕೆಲಸಕ್ಕಾದರೂ ನಿಜವಾಗಿ ಮುಹೂರ್ತ ಬೇಕಿದ್ದರೆ ಅದು ಇದಕ್ಕೇ. ಹೊತ್ತು ತಪ್ಪಿ ಕಿತ್ತ ಕಸ ಕಿತ್ತದ್ದಲ್ಲ, ಬಿತ್ತಿದ್ದು.

ಮೊದಲು ಹೆಸರಿನ ತಕರಾರು ಮುಗಿಸೋಣ. ಶಾಸ್ತ್ರಜ್ಞರು ಇದನ್ನು ಪಾರ್ಥೇನಿಯಂ ಎನ್ನುತ್ತಾರೆ. ತವರು ಅಮೆರಿಕ ಖಂಡದ ಉಷ್ಣಪ್ರದೇಶ. 1955ರಲ್ಲಿ ಪುಣೆಯಲ್ಲಿ ಜನರ ಕಣ್ಣಿಗೆ ಬಿತ್ತು. ಪಿ.ಎಲ್. 480 ಯೋಜನೆಯಲ್ಲಿ ಹಡಗೇರಿ ಬಂದ ಅಮೆರಿಕದ ಗೋಧಿಯ ಜೊತೆ ಬಂತು, ಆಗ ಆಳುತ್ತಿದ್ದ ಪಕ್ಷದ ಹೆಸರು ಅಂಟಿಕೊಂಡಿತು ಎನ್ನುವವರು ಕೆಲವರು. ಹೂಗೊಂಚಲು ಬಿಳಿ ಟೊಪ್ಪಿಗೆಯ ಸಭೆಯಂತೆ ಕಾಣುವುದರಿಂದ ಹಾಗೆಂದರು ಎನ್ನುವವರು ಇನ್ನು ಕೆಲವರು. ಹತ್ತೊಂಬತ್ತನೆಯ ಶತಮಾನದ ಆರಂಭದ ಸಸ್ಯದಾಖಲೆಗಳಲ್ಲೇ ಇದರ ಹೆಸರಿರುವುದರಿಂದ ಗೋಧಿಯನ್ನು ಪೂರ್ತಿ ಬೈಯುವುದು ನ್ಯಾಯವಲ್ಲ. ಪಕ್ಷವನ್ನು ಬೈಯುವುದಂತೂ ಅಲ್ಲವೇ ಅಲ್ಲ, ಏಕೆಂದರೆ ಈ ಕಸ ಎಲ್ಲ ಪಕ್ಷಗಳ ಕಚೇರಿಗಳ ಹಿಂದೆಯೂ ಒಂದೇ ಸಮ ಬೆಳೆಯುತ್ತದೆ. ಕರ್ನಾಟಕ ಸರ್ಕಾರ 1975ರಲ್ಲೇ ಕೃಷಿ ಪೀಡೆಗಳ ಕಾಯ್ದೆಯಡಿ ಇದನ್ನು ಅಪಾಯಕಾರಿ ಕಳೆಯೆಂದು ಸಾರಿತು. ಕಸಕ್ಕೆ ಓದು ಬರಲಿಲ್ಲ, ಅಷ್ಟೇ.

‘ವಿಷ, ವಿಷ ಅಂತೀರಿ. ನಮ್ಮ ಹೊಲದ ಹೆಣ್ಣುಮಕ್ಕಳು ಬರಿಗೈಲೆ ಕೀಳ್ತಾರ, ಏನೂ ಆಗಿಲ್ಲ’ ಎನ್ನುವುದು ಮೊದಲ ಆಕ್ಷೇಪ. ಗಟ್ಟಿ ಆಕ್ಷೇಪವೇ. ಆದರೆ ಪಾರ್ಥೇನಿನ್ ಎಂಬ ಈ ವಿಷ ಹಾವಿನ ಜಾತಿಯದಲ್ಲ, ದಾಯಾದಿಯ ಜಾತಿಯದು. ಮೊದಲ ಭೇಟಿಯಲ್ಲಿ ಏನೂ ಮಾಡುವುದಿಲ್ಲ. ಮೈ ಅದರ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟೋ ದಿನಗಳ, ಕೆಲವೊಮ್ಮೆ ಎಷ್ಟೋ ವರ್ಷಗಳ ಮೇಲೆ ಒಂದು ದಿನ ಜಗಳ ತೆಗೆಯುತ್ತದೆ. ಆಮೇಲೆ ಗಿಡ ಮುಟ್ಟುವುದೇ ಬೇಡ. ಒಣಗಿ ಪುಡಿಯಾದ ಎಲೆಯ ಧೂಳು ಗಾಳಿಯಲ್ಲಿ ಬಂದು ರೆಪ್ಪೆ, ಕುತ್ತಿಗೆ, ಮೊಣಕೈಯ ಮಡಿಕೆಗಳಲ್ಲಿ ಕೂತರೂ ಸಾಕು, ತುರಿಕೆ ಏಳುತ್ತದೆ. ಕೆಲವರಿಗೆ ಸೀನು, ಕೆಲವರಿಗೆ ಉಬ್ಬಸ. ಅಪ್ಪಿತಪ್ಪಿ ದನ ತಿಂದರೆ ಹಾಲೂ ಕಹಿ. ಎಲ್ಲರಿಗೂ ಹೀಗಾಗುವುದಿಲ್ಲ ನಿಜ. ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲು ಬಾರದಿರುವುದೇ ಇದರ ತೊಡಕು.

ಬರಿಗೈಯ ಶೌರ್ಯ ನಮ್ಮವರಿಗಷ್ಟೇ ಬಂದ ಬಳುವಳಿಯೇನಲ್ಲ. ಮನೆಯೊಳಗಿನ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಸಮುದ್ರ ಸಾಕುವ ಶೋಕಿ ಪರದೇಶಗಳಲ್ಲಿದೆ. ಆ ತೊಟ್ಟಿಗಳ ಕಲ್ಲಿನ ಮೇಲೆ ಗುಂಡಿಯಷ್ಟೇ ದೊಡ್ಡ, ಹೂವಿನಂಥ ಜೊವಾಂತಿಡ್ ಎಂಬ ಪಾಲಿಪ್ ಜೀವಿಗಳು ಹಬ್ಬಿಕೊಳ್ಳುತ್ತವೆ. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ವಿಷವಿದೆ; 1971ರಲ್ಲಿ ಹವಾಯಿಯ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದ ಇದು ಜಗತ್ತಿನ ಅತಿ ಘೋರ ವಿಷಗಳ ಸಾಲಿನದು. ಕಲ್ಲಿನ ಮೇಲೆ ಕುಳಿತಿರುವಷ್ಟು ಹೊತ್ತು ಅದು ಯಾರ ತಂಟೆಗೂ ಬರುವುದಿಲ್ಲ. ಮನೆಯ ಯಜಮಾನನಿಗೆ ಸ್ವಚ್ಛತೆಯ ಹುರುಪು ಬಂದು, ಬ್ರಷ್ ಹಿಡಿದು ತಿಕ್ಕಿದರೆ ಅಥವಾ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿದರೆ ಆವಿಯಲ್ಲಿ ವಿಷವೇರುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ಹೀಗೆ ತೊಟ್ಟಿ ತೊಳೆಯಲು ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದರು. ನೆರವಿಗೆ ಬಂದ ಅಗ್ನಿಶಾಮಕ ಸಿಬ್ಬಂದಿಯೂ ಹಿಂದೆಯೇ ಸೇರಿದರು. ಕಿತ್ತಾಗ ಉಳಿದ ಚೂರೊಂದು ಮತ್ತೆ ಚಿಗುರಿ ಕಲ್ಲು ತುಂಬುವುದು ಬೇರೆ. ಜಮಖಂಡಿಯಲ್ಲಿ ಸಮುದ್ರವಿಲ್ಲ, ಆದರೆ ನೆಲಮಟ್ಟಕ್ಕೆ ಕುಡುಗೋಲಾಡಿಸಿ ‘ಕಸ ಹೋತು’ ಎಂದು ಕೈ ಝಾಡಿಸಿದವನ ಹಿತ್ತಲಲ್ಲಿ ಉಳಿದ ಬುಡ ಮಾಡುವುದೂ ಅದನ್ನೇ.

ಇನ್ನು ಮುಹೂರ್ತ. ಮಿರಗದ ಮಳೆ ಬಿದ್ದೊಡನೆ ಬೀಜ ಮೊಳೆಯುತ್ತದೆ. ಸುಮಾರು ಒಂದು ತಿಂಗಳಲ್ಲಿ ಹೂ. ಆಮೇಲೆ ಒಂದೊಂದು ಗಿಡದಲ್ಲಿ 15,000ದಿಂದ 25,000 ಬೀಜ. ಗಾಳಿಗೂ ಕಾಲುವೆಯ ನೀರಿಗೂ ಟ್ರ್ಯಾಕ್ಟರಿನ ಗಾಲಿಗೂ ಅಂಟಿ ಹೋಗುವಷ್ಟು ಹಗುರ. ಅಂದರೆ ಕಾರಹುಣ್ಣಿಮೆಗೂ ಮಣ್ಣೆತ್ತಿನ ಅಮಾವಾಸ್ಯೆಗೂ ನಡುವಿನ ಹದಿನೈದು ದಿನವೇ ಸರಿಯಾದ ಲಗ್ನ. ಆಗ ಎರೆಮಣ್ಣು ಹದವಾಗಿರುತ್ತದೆ, ಗಿಡ ಗೇಣುದ್ದವಿರುತ್ತದೆ, ಹಿಡಿದೆಳೆದರೆ ತಾಯಿಬೇರು ಸಮೇತ ಬರುತ್ತದೆ. ಪಂಚಮಿ ಉಂಡಿ ಕಟ್ಟುವ ಹೊತ್ತಿಗೆ ಕತೆ ಬೇರೆ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ಕರೆಯಂತೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುವುದು ಆಗಸ್ಟ್ 16ರಿಂದ 22ರವರೆಗೆ. ದೇಶಕ್ಕೆಲ್ಲ ಒಂದು ವಾರ ಗೊತ್ತು ಮಾಡಬೇಕಾದವರ ಕಷ್ಟ ಅರ್ಥವಾಗುತ್ತದೆ. ಆದರೆ ನಮ್ಮಲ್ಲಿ ಆಗ ಗಿಡಗಳು ಹೂ ಮುಡಿದು ಫೋಟೊಕ್ಕೆ ಸಿದ್ಧವಾಗಿ ನಿಂತಿರುತ್ತವೆ. ಗಣ್ಯರು ಒಂದೊಂದು ಗಿಡ ಕಿತ್ತು, ಎತ್ತಿ ಹಿಡಿದು, ಅಲುಗಾಡಿಸಿ, ರಸ್ತೆಯಾಚೆ ಎಸೆಯುತ್ತಾರೆ. ಕೂರಿಗೆಯಿಲ್ಲದೆ ಇಷ್ಟು ಸಲೀಸಾಗಿ ಬಿತ್ತನೆ ಮಾಡುವುದು ಅನುಭವಿ ರೈತನಿಗೂ ಆಗದು.

ಬೀಜ ಮಣ್ಣಿನೊಳಗೆ ವರ್ಷಗಟ್ಟಲೆ ಅಡಗಿರುತ್ತದೆ. ಮುಧೋಳ ರನ್ನನ ಊರು. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನ ಕತೆಯನ್ನು ಇಲ್ಲಿನವರಿಗೆ ಬೇರೆ ಹೇಳಬೇಕಿಲ್ಲ. ಅವನನ್ನು ಹೊರಗೆಳೆಯಲು ಭೀಮ ಗರ್ಜಿಸಬೇಕಾಯಿತು. ಈ ಕಸಕ್ಕೆ ಒಂದು ಹದಮಳೆ ಗುಡುಗಿದರೆ ಸಾಕು, ತೊಂಬತ್ತೊಂಬತ್ತು ತಮ್ಮಂದಿರ ಸಮೇತ ಎದ್ದು ಬರುತ್ತದೆ.

ಹಾಗಾದರೆ ಅಡ್ಡದಾರಿಗಳಿಲ್ಲವೇ? ಉಪ್ಪುನೀರು ಹೊಡೆಯಿರಿ ಎಂಬ ಸಲಹೆ ಹಳೆಯದು, ಎಲೆ ಸುಟ್ಟುಹೋಗುವುದೂ ನಿಜ. ಕಲ್ಲುಹಾಸಿನ ಸಂದಿಗೆ ಆಗಬಹುದು. ಆದರೆ ಕಬ್ಬಿಗೆ ನೀರುಣಿಸಿ ಉಣಿಸಿ ಕೃಷ್ಣೆಯ ದಂಡೆಯ ಹೊಲಗಳು ಸವಳು-ಜವಳಾಗುತ್ತಿರುವ ಸೀಮೆಯಲ್ಲಿ ಬದುವಿಗೆ ಉಪ್ಪು ಸುರಿಯುವುದೆಂದರೆ ಸಕ್ಕರೆ ಕಾಯಿಲೆಯವನಿಗೆ ಬೆಲ್ಲದ ಕಷಾಯ ಕೊಟ್ಟಂತೆ. ರವದಿಯ ಜೊತೆ ಬೆಂಕಿ ಹಾಕೋಣ ಎಂದರೆ ಹಸಿ ಗಿಡ ಉರಿಯುವುದಿಲ್ಲ, ಒಣಗಿದ ಗಿಡ ಅಷ್ಟೊತ್ತಿಗೆ ಬೀಜ ಉದುರಿಸಿಯಾಗಿರುತ್ತದೆ. ಗಾಳಿಗೇರಿದ ಹೊಗೆ, ಬೂದಿ ಮಾತ್ರ ನಮ್ಮ ಪಾಲು. ದುಂಬಿಯ ದಾರಿ ಇವಕ್ಕಿಂತ ಮೇಲು. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಪಟ್ಟೆಪಟ್ಟೆಯ ದುಂಬಿ ಈ ಎಲೆಯನ್ನು ಹಬ್ಬದೂಟದಂತೆ ತಿನ್ನುತ್ತದೆ. ಸೂರ್ಯಕಾಂತಿ ಎಲೆಯನ್ನೂ ಕಡಿಯುತ್ತದೆ ಎಂಬ ಗುಲ್ಲೆದ್ದು ರೈತರು ಹೆದರಿದ್ದುಂಟು. ಸೂರ್ಯಕಾಂತಿಯ ಮೇಲೆ ಉದುರಿದ ಪಾರ್ಥೇನಿಯಂ ಪರಾಗ ಅದನ್ನು ಏಮಾರಿಸಿತ್ತೆಂದು ಆಮೇಲೆ ತಿಳಿಯಿತು. ಊಟದ ವಾಸನೆಗೆ ಪಕ್ಕದ ಮನೆ ಹೊಕ್ಕ ನೆಂಟನ ಮೇಲೆ ಕಳವಿನ ಕೇಸು ಹಾಕಿದ ಹಾಗೆ. ಅದರ ದೋಷ ಬೇರೆಯೇ: ಮಳೆಗಾಲದಲ್ಲಷ್ಟೇ ಡ್ಯೂಟಿ, ಮಣ್ಣು ಒಣಗಿದರೆ ಒಳಹೊಕ್ಕು ನಿದ್ದೆ. ನೀರಾವರಿಯ ಬದುವಿನಲ್ಲಿ ವರ್ಷವಿಡೀ ಚಿಗುರುವ ಕಸಕ್ಕೆ ಈ ಪಾರ್ಟ್‌ಟೈಮ್ ನೌಕರ ಸಾಲುವುದಿಲ್ಲ. ಜಾಗ ಬಿಡದಂತೆ ತಗಚೆ ಜಾತಿಯ ಗಿಡ ಬೆಳೆಸುವ ಉಪಾಯವನ್ನು ಧಾರವಾಡ ಕಡೆಯ ಕೃಷಿ ವಿಜ್ಞಾನಿಗಳು ಹೇಳಿದ್ದಾರೆ. ಖಾಲಿ ನಿವೇಶನಕ್ಕೆ ಚಲೋ, ಬೆಳೆಯ ಹೊಲಕ್ಕಲ್ಲ.

ಕೊನೆಗುಳಿಯುವುದು ‘ನಾನೊಬ್ಬ ಕಿತ್ತರೆ ಏನು, ಬಾಜೂದವನ ಹೊಲದಾಗ ಹಂಗೇ ಐತಲ್ಲ’ ಎಂಬ ಸಾರ್ವಕಾಲಿಕ ಆಕ್ಷೇಪ. ಬೇರೆ ತಾಲ್ಲೂಕಿನವರು ಹೇಳಿದ್ದರೆ ಒಪ್ಪಬಹುದಿತ್ತು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು, ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದ ಜಮಖಂಡಿಯವರ ಬಾಯಲ್ಲಿ ಈ ಮಾತು ಒಪ್ಪುವುದಿಲ್ಲ. ನದಿಯನ್ನೇ ನಿಲ್ಲಿಸಿದವರಿಗೆ ಗೇಣುದ್ದದ ಗಿಡ ಲೆಕ್ಕವೇ? ಹದಿನೈದು ದಿನದೊಳಗೆ ಅಕ್ಕಪಕ್ಕದ ನಾಲ್ಕು ಬದುಗಳವರು ಒಟ್ಟಿಗೆ ಬಗ್ಗಿದರೆ ಮುಗಿಯಿತು.

ಬಗ್ಗುವಾಗ ಕೈಗೆ ಗವಸು, ತುಂಬುತೋಳು, ಮೂಗುಬಾಯಿಗೆ ವಸ್ತ್ರ. ಗವಸು ಸಿಗದಿದ್ದರೆ ಪ್ಲಾಸ್ಟಿಕ್ ಚೀಲ. ನೇಕಾರರ ಊರುಗಳಲ್ಲಿ ತುಂಡು ಬಟ್ಟೆಗೆ ಬರವಿಲ್ಲ. ಕೂಲಿಯವರಿಗೆ ಇವನ್ನು ಕೊಡಬೇಕಾದವನು ಹೊಲದ ಒಡೆಯ. ‘ಅವರಿಗೆ ರೂಢಿ ಐತಿ’ ಎನ್ನುವುದು ಉತ್ತರವಲ್ಲ, ಜಿಪುಣತನ. ಹೂ ಬಿಡದ ಗಿಡವನ್ನು ತಿಪ್ಪೆಗುಂಡಿಗೆ ಹಾಕಿದರೆ ಗೊಬ್ಬರ. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಸ್ನಾನ, ಬಟ್ಟೆ ಬೇರೆ ಒಗೆತ. ಇವೆಲ್ಲ ಅಂಜುಬುರುಕರ ಶಾಸ್ತ್ರ ಎನ್ನುವ ಗಣ್ಯರಿಗೆ ಒಂದು ಸಂಗತಿ ತಿಳಿಸಬೇಕು. ಸೇವಂತಿಗೆ, ಸೂರ್ಯಕಾಂತಿ, ಕುಸುಬಿ ಎಲ್ಲ ಈ ಕಸದ ಕುಲಬಾಂಧವರೇ. ಮೈ ಒಮ್ಮೆ ಕಸಕ್ಕೆ ಮುನಿದರೆ ಬಂಧುಗಳ ಮೇಲೂ ಮುನಿಯುವುದುಂಟು. ಆಗಸ್ಟಿನಲ್ಲಿ ಬರಿಗೈಯಲ್ಲಿ ಕಸ ಕಿತ್ತು ಫೋಟೊ ತೆಗೆಸಿಕೊಂಡವರು ದಸರೆಯ ವೇದಿಕೆಯಲ್ಲಿ ಕೊರಳಿಗೆ ಸೇವಂತಿಗೆ ಮಾಲೆ ಬಿದ್ದೊಡನೆ, ಭಾಷಣ ನಿಲ್ಲಿಸಿ ಕುತ್ತಿಗೆ ಕೆರೆದುಕೊಳ್ಳಬೇಕಾಗಿ ಬಂದೀತು.