ಪ್ರಥಮಕಥಾ ಪ್ರಕಟಣ ಮೀಮಾಂಸೆ: ಜೋಗೇಶ್ವರಿ ಖಂಡ

ಪಶ್ಚಿಮ ರೈಲ್ವೆಯ ಫಾಸ್ಟ್ ಲೋಕಲ್ ಜೋಗೇಶ್ವರಿಯಲ್ಲಿ ನಿಲ್ಲುವುದಿಲ್ಲ. ಕನ್ನಡ ಸಣ್ಣಕಥೆಯ ಚರಿತ್ರಕಾರರು ಈ ಸಂಗತಿಯತ್ತ ಕಣ್ಣೆತ್ತಿಯೂ ನೋಡದಿರುವುದು ಶೋಚನೀಯ. ಚರ್ಚ್‌ಗೇಟಿನಲ್ಲಿ ಸ್ಲೋ ಗಾಡಿ ಹತ್ತಿದವನಿಗೆ ಮರೀನ್ ಲೈನ್ಸಿನಿಂದ ಅಂಧೇರಿಯವರೆಗೆ ನಡುವೆ 15 ನಿಲ್ದಾಣ, ಹೆಚ್ಚುಕಡಿಮೆ ಒಂದು ತಾಸು ಬಿಡುವು. ಸೀಟು ಸಿಕ್ಕರೆ ಕಥೆ, ನಿಂತರೆ ಹನಿಗವನ, ಬಾಗಿಲಲ್ಲಿ ನೇತಾಡಿದರೆ ಬರೀ ಜೀವನಾನುಭವ. ಶಾಸ್ತ್ರವೆಂದ ಮೇಲೆ ಸೂತ್ರ ಇರಲೇಬೇಕಾದ್ದರಿಂದ ಇದನ್ನು ‘ಆಸನಾನುಸಾರಿಣೀ ಪ್ರತಿಭಾ’ ಎಂದು ಕರೆಯೋಣ.

ಪೂರ್ವಪಕ್ಷ ಹೀಗಿದೆ: ಕಥೆ ಚೆನ್ನಾಗಿದ್ದರೆ ತಾನಾಗಿ ಪ್ರಕಟವಾಗುತ್ತದೆ. ಈ ವಾದ ಹೂಡುವವರೆಲ್ಲ ಈಗಾಗಲೇ ಪ್ರಕಟವಾದವರಾದ್ದರಿಂದ ಅವರ ಸಾಕ್ಷ್ಯ ಅಗ್ರಾಹ್ಯ.

ಸಿದ್ಧಾಂತವೇ ಬೇರೆ. ಕಥೆಗಿಂತ ಮೊದಲು ಕಥೆಗಾರನ ಹೆಸರು ಅಚ್ಚಾಗಬೇಕು. ಅದಕ್ಕಿರುವ ದ್ವಾರ ಓದುಗರ ಪತ್ರ. ‘ಕಳೆದ ಸಂಚಿಕೆಯ ಮುಖಪುಟ ಮನಸೆಳೆಯಿತು. ಸಂಪಾದಕೀಯ ಸಕಾಲಿಕ’ ಎಂದು ಬರೆದು ಕೆಳಗೆ ‘ಜೋಗೇಶ್ವರಿ (ಪೂ), ಮುಂಬಯಿ’ ಎಂದು ಹಾಕುವುದು. ಪೂರ್ವವೋ ಪಶ್ಚಿಮವೋ ಎಂದು ಬಿಡಿಸಿ ಹೇಳದಿದ್ದರೆ ಗೌರವಪ್ರತಿ ಹಳಿಯ ಆಚೆ ದಡಕ್ಕೆ ಹೋದೀತೆಂಬ ಭಯ. ಇದೇ ಪೂರ್ವದಲ್ಲಿ ಆರನೇ ಶತಮಾನದ ಶೈವ ಗುಹಾಲಯವೊಂದಿದೆ. ಅಷ್ಟು ದೊಡ್ಡ ಬಂಡೆ ಕೊರೆದವರ ಹೆಸರು ಇಂದು ಯಾರಿಗೂ ಗೊತ್ತಿಲ್ಲ, ಏಕೆಂದರೆ ಆಗ ಓದುಗರ ಪತ್ರದ ಅಂಕಣವಿರಲಿಲ್ಲ.

ಹೆಸರು ಬೇರೂರಿದ ಬಳಿಕ ಕಥೆಯ ರವಾನೆ. ಅಂಚೆಯುಗದಲ್ಲಿ ಅದು ಹುಬ್ಬಳ್ಳಿಯ ‘ಕಸ್ತೂರಿ’ಗೋ ಬೆಂಗಳೂರಿನ ‘ಸುಧಾ’, ‘ಮಯೂರ’ಕ್ಕೋ ಮಣಿಪಾಲದ ‘ತುಷಾರ’ಕ್ಕೋ ಹೋಗುತ್ತಿತ್ತು. ಜೊತೆಗೆ ಸ್ಟಾಂಪು ಹಚ್ಚಿದ ಸ್ವವಿಳಾಸದ ಲಕೋಟೆ, ಎಂದರೆ ಸೋಲಿನ ಖರ್ಚನ್ನು ಮುಂಗಡವಾಗಿ ಕಟ್ಟುವ ಪದ್ಧತಿ. ತಿರುಗಿ ಬಂದ ಕಥೆಯನ್ನು ಇನ್ನೊಂದು ಪತ್ರಿಕೆಗೆ ಕಳಿಸುವಾಗ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಮಾತ್ರ ಹೊಸದಾಗಿ ನಕಲು ಮಾಡುವುದು ಸಂಪ್ರದಾಯ. ಒಳಗಿನ ಹಾಳೆಗಳು ಮೂರೂರು ಸುತ್ತಿ ಮಡಿಕೆಬಿದ್ದು ಹಳದಿಯಾಗಿರುತ್ತಿದ್ದವು. ಕಥೆ ನಡುವೆ ಜಾಳಾಯಿತು ಎಂದು ವಿಮರ್ಶಕರು ದೂರುವುದರ ಮೂಲ ಇಲ್ಲಿದೆ. ಈಗ ಇ-ಮೇಲ್. ನುಡಿಯಲ್ಲಿ ಕಳಿಸಿದರೆ ಯುನಿಕೋಡ್ ಬೇಕೆನ್ನುತ್ತಾರೆ, ಯುನಿಕೋಡಿನಲ್ಲಿ ಕಳಿಸಿದರೆ ಒತ್ತಕ್ಷರ ಒಡೆಯಿತೆನ್ನುತ್ತಾರೆ. ಕಥೆ ತಿರುಗಿ ಬರುವುದಂತೂ ನಿಂತೇಹೋಗಿದೆ.

ದೀಪಾವಳಿ ವಿಶೇಷಾಂಕದ ಸ್ಪರ್ಧೆಗಾದರೆ ದೃಢೀಕರಣ ಪತ್ರವೂ ಬೇಕು: ಇದು ಸ್ವಂತದ್ದು, ಅನುವಾದವಲ್ಲ, ಎಲ್ಲಿಯೂ ಪ್ರಕಟವಾಗಿಲ್ಲ. ವಸುಧೇಂದ್ರರ ಛಂದ ಪುಸ್ತಕ ಬಹುಮಾನವಂತೂ ಇನ್ನೂ ಸಂಕಲನವನ್ನೇ ತರದವರಿಗೆ ಮೀಸಲು. ಪ್ರಕಟವಾಗದಿರುವುದು ಅರ್ಹತೆಯೆನಿಸುವ ಇಂಥ ಜಾಗಗಳು ಲೋಕದಲ್ಲಿ ವಿರಳ. ಜೋಗೇಶ್ವರಿಯಲ್ಲಿ ಈ ಅರ್ಹತೆ ಹೇರಳವಾಗಿದೆ.

ಆದರೆ ಮುಂಬಯಿಯ ಕಥೆಗಾರನ ನಿಜವಾದ ತೊಟ್ಟಿಲು ಸಂಘಗಳ ಮಾಸಿಕ. ಮೈಸೂರು ಅಸೋಸಿಯೇಶನ್ನಿನ ‘ನೇಸರು’, ಬಿಲ್ಲವರ ‘ಅಕ್ಷಯ’, ಬಂಟರ ‘ಬಂಟರವಾಣಿ’, ಇವುಗಳ ಜೊತೆಗೆ ‘ಮೊಗವೀರ’. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ಎಷ್ಟೋ ಕೈಗಳು ಇಂಥ ಪುಟಗಳಲ್ಲೇ ಪಳಗಿದವು. (ಈ ವಾಕ್ಯದಲ್ಲಿ ಅಣಕವಿಲ್ಲ.) ಇನ್ನು ಯಾವ ಪತ್ರಿಕೆಯನ್ನೂ ಹೆಸರಿಸದೆ, ಕಾಲ್ಪನಿಕ ಮಾಸಿಕವೊಂದರ 34ನೇ ಪುಟವನ್ನು ಬಿಚ್ಚೋಣ. ಎಡಗಡೆ ಕಥೆ. ಬಲಗಡೆ ಪ್ರಥಮ ಪುಣ್ಯತಿಥಿಯ ಶ್ರದ್ಧಾಂಜಲಿ, ಕೋಟು ಹಾಕಿದ ಫೋಟೊ, ಕೆಳಗೆ ‘ದುಃಖತಪ್ತ ಕುಟುಂಬಸ್ಥರು’. ಫೋಟೊ ಹುಡುಕಿ ಬಂದ ಬಂಧುಗಳೇ ಕಥೆಯ ಮೊದಲ ಓದುಗರು. ಹಾಗಾಗಿ ಶ್ರದ್ಧಾಂಜಲಿಯ ಪಕ್ಕದ ಜಾಗಕ್ಕೆ ಕಥೆಗಾರರಲ್ಲಿ ಪೈಪೋಟಿ.

ಕಥೆ ಕೊನೆಯ ಪುಟಕ್ಕೆ ಹೊರಳುವಷ್ಟರಲ್ಲಿ ಅಂಧೇರಿಯ ಕೇಟರಿಂಗಿನವರಿಂದ ಅರ್ಧಪುಟ ‘ಗಣೇಶ ಚತುರ್ಥಿಯ ಹಾರ್ದಿಕ ಶುಭಾಶಯಗಳು’ ಬರುತ್ತದೆ. ಜಾಹೀರಾತನ್ನು ಚಿಕ್ಕದು ಮಾಡುವಂತಿಲ್ಲ, ಅಕ್ಷರ ಚಿಕ್ಕದು ಮಾಡಿದರೆ ಹಿರಿಯ ಸದಸ್ಯರು ಮಹಾಸಭೆಯಲ್ಲಿ ಏಳುತ್ತಾರೆ. ಸಂಪಾದಕರು ಕಥೆಯ ಕೊನೆಯ ಎರಡು ಪ್ಯಾರಾ ಎತ್ತಿಬಿಡುತ್ತಾರೆ. ಸೊಸೆ ಬಾಗಿಲು ತೆರೆದಳೋ ಇಲ್ಲವೋ ತಿಳಿಯದೆ ಕಥೆ ಮುಗಿಯುತ್ತದೆ. ಮುಂದಿನ ತಿಂಗಳು ಓದುಗರೊಬ್ಬರು ಬರೆಯುತ್ತಾರೆ: ‘ಅಂತ್ಯವನ್ನು ಓದುಗರ ಊಹೆಗೆ ಬಿಟ್ಟ ಕಥೆಗಾರರ ಸಂಯಮ ಮೆಚ್ಚತಕ್ಕದ್ದು.’ ಕನ್ನಡದಲ್ಲಿ ಮುಕ್ತ ಅಂತ್ಯ ಪಶ್ಚಿಮದಿಂದ ಬಂತೆಂಬ ವಾದ ಹಳೆಯದು. ನಮ್ಮ ಸಂಶೋಧನೆಯೂ ಅದನ್ನು ಎತ್ತಿಹಿಡಿಯುತ್ತದೆ. ಅಂಧೇರಿ ಪಶ್ಚಿಮದಿಂದ ಬಂತು.

ಉಳಿದದ್ದು ವಸ್ತು. ಜೋಗೇಶ್ವರಿಯಲ್ಲಿ ಬರೆದ ಮೊದಲ ಕಥೆಯಲ್ಲಿ ಜೋಗೇಶ್ವರಿ ಇರುವುದಿಲ್ಲ. ಕಿಟಕಿಯಾಚೆ ಹೈವೇ ಮೊರೆಯುತ್ತಿದ್ದರೆ ಕಥೆಯೊಳಗೆ ಕುಂದಾಪುರದ ಮಳೆ, ಬಾವಿಕಟ್ಟೆ, ಗಡಿಜಗಳ, ಕೋಳಿಅಂಕ. ಇದು ದೋಷವಲ್ಲ, ನಿಯಮ. ಬಾಂದ್ರಾದಲ್ಲಿ ನೆಲೆಸಿದ ಯಶವಂತ ಚಿತ್ತಾಲರು 1964ರ ‘ಮೂರು ದಾರಿಗಳು’ ಕಾದಂಬರಿಯಲ್ಲಿ ಹನೇಹಳ್ಳಿಯ ಸೀಮೆಯಲ್ಲೇ ಇದ್ದರು. ಮುಂಬಯಿಯ ‘ಶಿಕಾರಿ’ ಬಂದದ್ದು 1979ರಲ್ಲಿ. ನಡುವೆ ಸರಿಯಾಗಿ 15 ವರ್ಷ. ಚರ್ಚ್‌ಗೇಟ್‌ನಿಂದ ಜೋಗೇಶ್ವರಿಗೆ ನಡುವೆ 15 ನಿಲ್ದಾಣ. ಇದನ್ನು ಕಾಕತಾಳೀಯ ಎನ್ನುವವರು ಪಿಎಚ್.ಡಿ. ಮಾಡಿದವರಲ್ಲ. ಗೋಕರ್ಣದ ಜಯಂತ ಕಾಯ್ಕಿಣಿ 1989ರ ‘ದಗಡೂ ಪರಬನ ಅಶ್ವಮೇಧ’ದ ಹೊತ್ತಿಗೇ ಮುಂಬಯಿಯಲ್ಲಿ ಇಳಿದುಬಿಟ್ಟು ನಿಯಮ ಕೆಡಿಸಿದರು. ಅಪವಾದಗಳನ್ನು ಅಡಿಟಿಪ್ಪಣಿಗೆ ತಳ್ಳುವುದು ವಿದ್ವತ್ತಿನ ಸದಾಚಾರ. ಇಲ್ಲಿ ಅಡಿಟಿಪ್ಪಣಿಗೆ ಜಾಗವಿಲ್ಲ.

ಹಾಗಾದರೆ ನಮ್ಮವನು ಊರು ಬಿಟ್ಟು ಮುಂಬಯಿಯನ್ನು ಬರೆಯುವುದು ಯಾವಾಗ? ನಗರಪ್ರಜ್ಞೆ, ಪರಕೀಯತೆ ಎಂದೆಲ್ಲ ವಿದ್ವಾಂಸರು ಬರೆದಿದ್ದಾರೆ. ಕಾರಣ ಸರಳ. ಮೊದಲ ಕಥೆ ಬಂದ ತಿಂಗಳೇ ಊರಿನಿಂದ ಅಮ್ಮನ ಫೋನು: “ಎಂಥದ್ ಬರ್ದಿದ್ದೆ ಮಗಾ? ಗಡಿಕಲ್ಲು ಸರಿಸಿದ್ದು ತಾನೇ ಅಂದ್ಕೊಂಡು ಆಚೆಮನೆ ಅಣ್ಣಯ್ಯ ಬಾವಿಕಟ್ಟೆ ಬದಿಗೇ ಬತ್ತಿಲ್ಲ.” ಎರಡನೆಯ ಕಥೆಗೆ ಅವನು ಅಕ್ಕಪಕ್ಕ ನೋಡುತ್ತಾನೆ. ಎಡಗಡೆಯ ಖೋಲಿಯಲ್ಲಿ ರತ್ನಾಗಿರಿಯವರು, ಬಲಗಡೆ ಜೌನಪುರದವರು, ಮೇಲ್ಗಡೆ ಗುಜರಾತಿಗಳು. ಎಲ್ಲರ ಮನೆಯ ಜಗಳವೂ ಗೋಡೆ ದಾಟಿ ಸ್ಪಷ್ಟವಾಗಿ ಕೇಳುತ್ತದೆ, ಮತ್ತು ಒಬ್ಬರಿಗೂ ಕನ್ನಡ ಓದಲು ಬರುವುದಿಲ್ಲ.